ತೋರಿಕೆಯ ಗುಂಡಿಗಳು

“ನಿಲ್ಲೇ, ಮೊದಲು ಸೂಜಿ ಎತ್ತು. ಬಟ್ಟೆ ಕಚ್ಕೊಂಡಿದೆ.”

ಮಗಳು ಮೇಜಿನ ಅಂಚು ಬಿಟ್ಟು ನೆಟ್ಟಗಾದಳು. ಹೊಲಿಗೆ ಯಂತ್ರವನ್ನು ಮೇಜಿನ ಸಮೇತ ಕಿಟಕಿಯ ಕಡೆಗೆ ಎಳೆಯುವ ಕೆಲಸ ಅಲ್ಲಿಗೇ ನಿಂತಿತು. ಹಾಗೆ ಗದರಿದವಳು ಸತ್ತವಳ ತಂಗಿ. ಪೇಟೆಯಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಟ್ಟವಳು. ಕಣ್ಣೀರು ಒರೆಸಿಕೊಳ್ಳುತ್ತಿದ್ದರೂ ಬಟ್ಟೆ ಹರಿಯುವುದನ್ನು ನೋಡಲಾರಳು.

“ಎಲ್ಲಿ ಎತ್ತೋದು ಚಿಕ್ಕಮ್ಮ? ನಂಗೆ ಇದರ ಗಂಧಗಾಳಿ ಗೊತ್ತಿಲ್ಲ.”

“ಸರ್ಕೋ ಈ ಕಡೆ.” ತಂಗಿ ಯಂತ್ರದ ಹಿಂದಿನ ಪುಟ್ಟ ಹಿಡಿಯನ್ನು ಎತ್ತಿ, ಚಕ್ರವನ್ನು ತನ್ನ ಕಡೆಗೆ ಅರ್ಧ ಸುತ್ತು ತಿರುಗಿಸಿ, ಬೂದುಬಣ್ಣದ ಒಂದು ತೋಳನ್ನು ಬಿಡಿಸಿ ತೆಗೆದಳು. ಅಂಗಿಯ ತೋಳು. ಹೊಲಿಗೆ ಅರ್ಧ ಆಗಿತ್ತು. ನಿನ್ನೆ ಮಧ್ಯಾಹ್ನ ಅಕ್ಕ ಅದನ್ನು ಅಷ್ಟಕ್ಕೇ ಬಿಟ್ಟು, ಎದೆ ಒತ್ತಿಕೊಂಡು ಎದ್ದಿದ್ದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೇಜು ಸರಿಯಿತು. ಬಟ್ಟೆಯ ಕಟ್ಟುಗಳು ಒಳಗೆ ಹೋದವು. ಎಂಟು ವರ್ಷ ಅಂಗಡಿಯಾಗಿದ್ದ ಮುಂದಿನ ಕೋಣೆಯಲ್ಲಿ ಈಗ ಅಂಗಡಿಯವಳನ್ನೇ ಮಲಗಿಸುವಷ್ಟು ಜಾಗವಾಯಿತು. ಹತ್ತು ಗಂಟೆಗೆ ಆಸ್ಪತ್ರೆಯಿಂದ ಅವಳನ್ನು ಹೊತ್ತ ಗಾಡಿ ಬಂತು. ಅವಳ ಮುಖ ನೋಡಿದರೆ, ಯಾರೋ ಹೇಳಿದ ಮಾತಿಗೆ ಉತ್ತರ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತ ಕಣ್ಣು ಮುಚ್ಚಿದಂತಿತ್ತು.

“ಅಪ್ಪ ಎಲ್ಲಿ?” ಎಂದಳು ಮಗಳು.

“ಒಳಗೆ. ಬಟ್ಟೆ ಹಾಕ್ಕೋತಿದಾರೆ. ಹೋಗಿ ಸಹಾಯ ಮಾಡು.”

ಮಗಳು ಒಳಕೋಣೆಯ ಬಾಗಿಲು ತಳ್ಳಿದಳು. ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು. ಬೀದಿಯವರಿಗೆಲ್ಲ ಈಗಲೂ ಡ್ರೈವರ್. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಕ್ಕದಲ್ಲಿ ಬಿಳಿ ಅಂಗಿ.

“ಕೊಡಪ್ಪ, ನಾನು ಹಾಕ್ತೀನಿ.”

“ಬೇಡ.”

“ಇವತ್ತೊಂದು ದಿನ...”

“ಇವತ್ತಂತೂ ಬೇಡ ಮಗಾ,” ಎಂದ ಡ್ರೈವರ್. ಎಡಗೈಯಿಂದ ಬಲಗೈಯನ್ನು ಎತ್ತಿ ತೋಳಿನೊಳಗೆ ಬಿಟ್ಟ. ಅಂಗಿಯನ್ನು ಬೆನ್ನ ಮೇಲಿಂದ ಸುತ್ತಿ ತಂದು ಎಡಗೈ ತೂರಿಸಿದ. ಆಮೇಲೆ ಅಂಗೈಯಿಂದ ಎದೆಯನ್ನು ಮೇಲಿನಿಂದ ಕೆಳಗೆ ಒಂದು ಸಲ ಒತ್ತಿಕೊಂಡ. ಅಷ್ಟೇ. ಐದು ಬಿಳಿ ಗುಂಡಿಗಳು ಸಾಲಾಗಿ ನಿಂತವು. ಒಂದು ನಿಮಿಷವೂ ಹಿಡಿಯಲಿಲ್ಲ.

“ನೋಡ್ದ್ಯಾ? ನಿಮ್ಮಮ್ಮನ್ನ ಕಳಿಸೋ ದಿನವೂ ನಾನು ಯಾರ ಕೈಗೂ ಕಾಯ್ಬೇಕಾಗಿಲ್ಲ.” ಹಾಗೆಂದವನು ಕೋಲು ಹಿಡಿದು ಎದ್ದು, ಬಾಗಿಲ ಬಳಿ ಗೋಡೆಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತ. ಮಗಳು ಕಾದಳು. ಆಮೇಲೆ ಅವನೇ ಮುಂದೆ ನಡೆದ.

*

ಹತ್ತು ವರ್ಷದ ಹಿಂದೆ ಡ್ರೈವರನ ಹೆಂಡತಿಗೆ ಇನ್ನೂ ಗುಂಡಿಯಮ್ಮ ಎಂಬ ಹೆಸರು ಬಿದ್ದಿರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾಗಿದ್ದಳು. ಹೊಲಿಗೆ ಅವಳಿಗೆ ಭಾನುವಾರದ ಆಟ. ದಿಂಬಿನ ಚೀಲ, ಮಗಳ ಫ್ರಾಕು, ನೆಂಟರ ಮಕ್ಕಳಿಗೆ ಕಿವಿ ಇರುವ ಟೋಪಿ. ಯಾರೂ ಕೇಳದ್ದನ್ನು ಹೊಲಿಯುವುದರಲ್ಲೇ ಅವಳಿಗೆ ಖುಷಿ. “ಆರು ದಿನ ಹೆಡ್‌ಮಾಸ್ಟರು ಹೇಳಿದ್ದು ಮಾಡ್ತೀನಿ, ಏಳನೇ ದಿನ ಕತ್ತರಿ ಹೇಳಿದ್ದು ಮಾಡ್ತೀನಿ,” ಎನ್ನುತ್ತಿದ್ದಳು.

ನಿವೃತ್ತಿಯ ಮಾರನೆಯ ವರ್ಷ ಗಂಡನಿಗೆ ಲಕ್ವ ಹೊಡೆಯಿತು. ಕಾಲು ಕೋಲಿನ ಸಹಾಯದಿಂದ ವಾಪಸು ಬಂತು, ಬಲಗೈ ಬರಲಿಲ್ಲ. ಬೆಳಿಗ್ಗೆ ಎದ್ದರೆ ಅಂಗಿಯ ಗುಂಡಿಗಳ ಜೊತೆ ಯುದ್ಧ. ನಾಲ್ಕು ಹಾಕಲು ಅರ್ಧ ಗಂಟೆ. ಐದನೆಯದಕ್ಕೆ ಬಂದಾಗ ತಿಳಿಯುತ್ತಿತ್ತು, ಮೊದಲನೆಯದೇ ತಪ್ಪು ತೂತಿಗೆ ಬಿದ್ದಿದೆ ಎಂದು. ಅವಳು ಹತ್ತಿರ ಹೋದರೆ, “ಬಿಡು, ನಾನೇನು ಎಳೆಮಗುನಾ?” ಎಂದು ಸಿಡುಕುತ್ತಿದ್ದ. ಒಂದು ದಿನ ಅಂಗಿಯನ್ನು ಮಡಿಸಿ ಬದಿಗಿಟ್ಟ. ತಿರುವಿನ ಚಹಾ ಅಂಗಡಿಗೆ ಹೋಗುವುದನ್ನು ಬಿಟ್ಟ. ಹನ್ನೊಂದು ದಿನ ಬನಿಯನ್ನಿನಲ್ಲೇ ಮನೆಯೊಳಗೆ ಕೂತ.

ಅವಳು ಆ ಎಡಗೈ ಏನೇನು ಮಾಡಬಲ್ಲದು, ಏನು ಮಾಡಲಾರದು ಎಂದು ಗಮನಿಸುತ್ತಿದ್ದಳು. ಭಾನುವಾರ ಬಂದಾಗ ಅವನ ನೀಲಿ ಅಂಗಿ ತೆಗೆದುಕೊಂಡು ಗುಂಡಿಗಳನ್ನೆಲ್ಲ ಕತ್ತರಿಸಿದಳು. ತೂತುಗಳನ್ನು ಮುಚ್ಚಿ ಹೊಲಿದು, ಒಳಗಡೆ ಬ್ಯಾಗಿಗೆ ಹಾಕುವ ಅಂಟುಪಟ್ಟಿ ಕೂರಿಸಿದಳು. ಒತ್ತಿದರೆ ಅಂಟುತ್ತದೆ, ಎಳೆದರೆ ಬಿಡುತ್ತದೆ. ಎತ್ತಿ ಹಿಡಿದು ನೋಡಿದಳು. ಅಂಗಿಯ ಎದೆ ಬೋಳಾಗಿತ್ತು. ನೋಡಿದವರು ಯಾಕೆ ಹೀಗೆ ಎಂದು ಕೇಳಿಯೇ ಕೇಳುತ್ತಾರೆ. ಮತ್ತೆ ಕೂತು, ಕತ್ತರಿಸಿದ ಅದೇ ಐದು ಗುಂಡಿಗಳನ್ನು ಮುಚ್ಚಿದ ತೂತುಗಳ ಮೇಲೆ ಸುಮ್ಮನೆ ತೋರಿಕೆಗೆಂದು ಹೊಲಿದಳು. ಅಂಗಿಯನ್ನು ಮಂಚದ ಮೇಲಿಟ್ಟು ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಕೋಲಿನ ಸದ್ದು ಕೇಳಿಸಿತು. “ಹೊರಗೆ ಹೋಗಿ ಬರ್ತೀನಿ,” ಎಂದ ಗಂಡ. ಒಂದೂವರೆ ಗಂಟೆ ಬಿಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಯಾರಿಗೂ ಗೊತ್ತಾಗ್ಲಿಲ್ಲ ಕಣೇ.”

ಅವಳು ಒಲೆಯ ಕಡೆ ಮುಖ ತಿರುಗಿಸಿ, ಆಗಲೇ ಉಕ್ಕುತ್ತಿದ್ದ ಹಾಲನ್ನು ಕಲಕಿದ್ದೇ ಕಲಕಿದ್ದು.

ಆದರೆ ಅವನ ಬಾಯಿ ಸುಮ್ಮನಿರಬೇಕಲ್ಲ. ವಾರದೊಳಗೆ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಕೈ ಬಿದ್ದವರ ಮುಂದೆಲ್ಲ ಅಂಗಿಯನ್ನು ಪರ್‍ರನೆ ಬಿಚ್ಚಿ ತೋರಿಸಿದ. “ಇಪ್ಪತ್ತೆಂಟು ವರ್ಷ ರಸ್ತೆ ಗುಂಡಿ ತಪ್ಪಿಸ್ಕೊಂಡು ಬಂದೆ. ಕೊನೆಗೆ ಅಂಗಿ ಗುಂಡೀಲಿ ಬಿದ್ದಿದ್ದೆ. ಎತ್ತಿದವಳು ನಮ್ಮನೆಯವಳು,” ಎಂದ. ಎಲ್ಲರೂ ನಕ್ಕರು. ಅವಳಿಗೆ ಗುಂಡಿಯಮ್ಮ ಎಂಬ ಹೆಸರು ಬಿದ್ದದ್ದು ಆ ದಿನ.

*

ಮಗಳ ಮನೆಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅವಳು ತವರಿಗೆ ಬರುತ್ತಿದ್ದದ್ದು ಭಾನುವಾರ, ಅಂಗಡಿಗೆ ರಜೆ ಇರುವ ದಿನ. ಹಾಗಾಗಿ ಅಮ್ಮನ ಗಿರಾಕಿಗಳನ್ನು ಅವಳು ನೋಡಿದವಳಲ್ಲ. ಬೀದಿಯ ಇಪ್ಪತ್ತು ಜನ ಬರಬಹುದೆಂದು ಕುರ್ಚಿ ಹಾಕಿಸಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಕುರ್ಚಿ ತುಂಬಿ, ಗೇಟಿನ ಹೊರಗೆ ಜನ ನಿಂತಿದ್ದರು. ಕೋಲು ಹಿಡಿದವರು, ಗಾಲಿಕುರ್ಚಿಯಲ್ಲಿ ಬಂದವರು, ಹೆಗಲಿಗೆ ಪಟ್ಟಿ ಕಟ್ಟಿಕೊಂಡವರು. ಎಲ್ಲರ ಅಂಗಿಯೂ ಇಸ್ತ್ರಿಯಾಗಿತ್ತು.

ಒಬ್ಬ ಮುದುಕ ಒಳಗೆ ಬಂದು ಅಮ್ಮನ ಪಾದದ ಬಳಿ ನಿಂತ. ತೆಳ್ಳಗಿನ ಮನುಷ್ಯ, ಎಡಗೈ ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ ಕೂತಿತ್ತು.

“ನೀವು...?” ಎಂದಳು ಮಗಳು.

ಮುದುಕ ತನ್ನ ಅಂಗಿಯ ಮೇಲಿನ ಗುಂಡಿಯ ಬಳಿ ಬೆರಳಿಟ್ಟು ಸ್ವಲ್ಪ ಎಳೆದ. ಪರ್‍ರ್ ಎಂದಿತು. ಆ ಸದ್ದಿಗೆ ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಗೋಡೆಯ ಬಳಿ ಕೂತಿದ್ದ ಒಬ್ಬಾಕೆ ತನ್ನ ಕುಪ್ಪಸದ ಹೆಗಲ ಬಳಿ ಕೈ ಹಾಕಿದಳು, ಪರ್‍ರ್. ಬಾಗಿಲಲ್ಲಿ ಇನ್ನೊಂದು. ಯಾರೋ ಅಳುವಿನ ನಡುವೆ ಕಿಸಕ್ಕನೆ ನಕ್ಕುಬಿಟ್ಟರು. ಡ್ರೈವರ್ ತಲೆಯಾಡಿಸುತ್ತ, “ಇವರ ಗಲಾಟೆಗೆ ಅವಳು ಎದ್ದು ಕೂರದಿದ್ರೆ ಸಾಕು,” ಎಂದ. ಆಗ ಎಲ್ಲರೂ ನಕ್ಕರು, ಅಳುತ್ತಿದ್ದವರೂ.

“ನಾನು ಬೋರ್ಡ್ ಬರೆಯೋನಮ್ಮ,” ಎಂದ ಮುದುಕ ಮಗಳಿಗೆ. “ಗೇಟಿನ ಮೇಲಿರೋ ಬೋರ್ಡು ನಂದೇ. ಬಲಗೈ ಬಿದ್ದ ಮೇಲೆ ಎಡಗೈಯಲ್ಲಿ ಬರೆದ ಮೊದಲನೇದು. ಅಕ್ಷರ ಎಲ್ಲ ಗುಡ್ಡ ಹತ್ತಿದ ಹಾಗಿವೆ. ಬದಲಾಯಿಸಿಕೊಡ್ತೀನಿ ಅಂದ್ರೆ ನಿಮ್ಮಮ್ಮ ಒಪ್ಲೇ ಇಲ್ಲ.”

“ಬೋರ್ಡು ಹಾಕು ಅಂತ ಅಮ್ಮನಿಗೆ ಹೇಳಿದ್ದೂ ನೀವೇನಾ?”

“ನಾನಲ್ಲ. ನಾನು ಜಗಳ ಆಡೋಕೆ ಬಂದಿದ್ದೆ.”

*

ಮೊದಲ ವರ್ಷ ಗುಂಡಿಯಮ್ಮ ಹನ್ನೊಂದು ಜನರಿಗೆ ಹಾಗೇ ಹೊಲಿದುಕೊಟ್ಟಳು, ಪುಕ್ಕಟೆಯಾಗಿ. ಒಂದು ದಿನ ವ್ಯಾಯಾಮದ ಕೋಣೆಯ ನರ್ಸು ಅವಳನ್ನು ಪಕ್ಕಕ್ಕೆ ಕರೆದಳು. “ಅಮ್ಮಾ, ಇದನ್ನ ಒಂದು ಅಂಗಡಿ ಅಂತ ಮಾಡಿಬಿಡಿ. ದಿನಾ ಒಬ್ಬರಾದ್ರೂ ಕೇಳ್ತಾರೆ. ನಿಮ್ಮ ವಿಳಾಸ ಬರೆದು ಬರೆದು ಈಗ ನನ್ನ ಕೈಗೇ ವ್ಯಾಯಾಮ ಬೇಕಾಗಿದೆ.”

ಗುಂಡಿಯಮ್ಮ ನಕ್ಕು ಬಂದಳು. ಆದರೆ ಆ ಮಾತು ಚಪ್ಪಲಿಯೊಳಗಿನ ಮರಳಿನಂತೆ ಒತ್ತುತ್ತಲೇ ಇತ್ತು. ಹೊಲಿಗೆಯ ವ್ಯಾಪಾರ ಬಲ್ಲವಳೆಂದರೆ ತಂಗಿ. ಅವಳ ಅಂಗಡಿಗೆ ಹೋಗಿ ಕೇಳಿದಳು.

“ಬೇಡ ಅಕ್ಕ, ನಿನ್ನ ಕೈ ಮುಗೀತೀನಿ,” ಎಂದಳು ತಂಗಿ. “ಪುಕ್ಕಟೆ ಕೊಡೋವರೆಗೆ ನೀನು ದೇವತೆ. ಕಾಸು ತಗೊಂಡ ದಿನದಿಂದ ‘ಆಯ್ತಾ, ಆಯ್ತಾ’ ಅಂತ ಬಾಗಿಲು ಬಡೀತಾರೆ. ನಾನೂ ಇದನ್ನ ಇಷ್ಟಪಟ್ಟೇ ಶುರು ಮಾಡಿದ್ದೆ. ಈಗ ನೋಡಿಲ್ಲಿ.” ಕೈ ಮೇಲೆತ್ತಿ ತೋರಿಸಿದಳು. ಕಂಕುಳಲ್ಲಿ ಅವಳ ಸ್ವಂತ ಬಟ್ಟೆಯ ಹೊಲಿಗೆ ಬಿಟ್ಟಿತ್ತು. “ತಿಂಗಳಾಯ್ತು. ಎರಡು ಹೊಲಿಗೆ ಹಾಕ್ಕೊಳ್ಳೋಕೆ ಮನಸ್ಸಿಲ್ಲ. ಊರಿಗೆಲ್ಲ ಹೊಲಿದು ಮನೆಗೆ ಹೋದ್ರೆ ದಾರ ನೋಡಿದ್ರೇ ವಾಕರಿಕೆ.”

ಗುಂಡಿಯಮ್ಮ ಆ ಬಿಟ್ಟ ಹೊಲಿಗೆಯನ್ನು ನೋಡಿ ಮನೆಗೆ ಬಂದಳು. ದಿನಗಟ್ಟಲೆ ತೂಗಿ ನೋಡಿದಳು. ಕಿವಿ ಇರುವ ಟೋಪಿಗಳನ್ನು ಮತ್ತೆ ಯಾವಾಗ ಹೊಲಿಯುವುದು? ತಪ್ಪಾದರೆ ಇಷ್ಟು ದಿನ ನಕ್ಕು ಬಿಚ್ಚುತ್ತಿದ್ದಳು, ನಾಳೆ ತಪ್ಪಾದರೆ? ಎಲ್ಲಕ್ಕಿಂತ ಹೆಚ್ಚಾಗಿ, ಕೈ ಬಿದ್ದವರ ಮುಂದೆ ಕೈ ಚಾಚಿ ಕಾಸು ಕೇಳುವುದು ಹೇಗೆ? ಯೋಚನೆಯಲ್ಲಿ ಊಟದ ತಟ್ಟೆ ಕೆದಕುತ್ತ ಕೂತರೆ ಗಂಡ ಹೇಳುತ್ತಿದ್ದ: “ಮಾಡೋದಿದ್ರೆ ಮಾಡು, ಬಿಡೋದಿದ್ರೆ ಬಿಡು. ಊಟ ಮಾತ್ರ ತಣ್ಣಗೆ ಮಾಡಬೇಡ.”

ಅಂಥ ಒಂದು ದಿನ ಬೋರ್ಡ್ ಪೇಂಟರ್ ಬಂದ. ಆರು ತಿಂಗಳ ಹಿಂದೆ ಅವಳು ಕೊಟ್ಟಿದ್ದ ಅಂಗಿ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿತ್ತು.

“ಬೈಕೋಬೇಡಿ ಅಮ್ಮಾ. ಕಾಲರ್ ಬಿಗಿ. ಹಾಕ್ಕೊಂಡ್ರೆ ಯಾರೋ ಕುತ್ತಿಗೆ ಹಿಸುಕಿದ ಹಾಗಾಗುತ್ತೆ.”

“ಅಯ್ಯೋ! ಆರು ತಿಂಗಳಿಂದಲೂ ಹಾಗೇನಾ? ಮೊದಲೇ ಹೇಳಬಾರದಿತ್ತಾ?”

“ಹೇಗೆ ಹೇಳೋದು? ಪುಕ್ಕಟೆ ಕೊಟ್ಟಿದ್ದು.” ಪೇಂಟರ್ ಕುರ್ಚಿಯ ತುದಿಯಲ್ಲಿ ಕೂತ. “ಕೈ ಬಿದ್ದ ಮೇಲೆ ಎಲ್ಲರೂ ನಂಗೆ ಪುಕ್ಕಟೆ ಕೊಡ್ತಾರಮ್ಮ. ಬಸ್ಸಲ್ಲಿ ಸೀಟು, ಹಳೇ ಚಪ್ಪಲಿ, ಬುದ್ಧಿಮಾತು. ಉಪಕಾರ ಆಯ್ತು, ಉಪಕಾರ ಆಯ್ತು ಅಂತ ಹೇಳಿ ಹೇಳಿ ಬಾಯಿ ಒಣಗಿದೆ. ಕಾಸು ತಗೊಳ್ಳಿ ನೀವು. ಆಗ ನಾನೂ ‘ಏನ್ರೀ ಇದು, ಇದೂ ಒಂದು ಹೊಲಿಗೇನಾ’ ಅಂತ ಬಾಯಿ ಮಾಡಬಹುದು. ಅಂಗಡಿಯವರ ಹತ್ರ ಜಗಳ ಆಡಿ ಎರಡು ವರ್ಷ ಆಯ್ತು.”

ಗುಂಡಿಯಮ್ಮ ಟೇಪು ತೆಗೆದುಕೊಂಡು ಅವನ ಕುತ್ತಿಗೆಯ ಅಳತೆ ಹಿಡಿದಳು.

“ಹಾಗಾದ್ರೆ ಜಗಳ ಆಡಿ,” ಎಂದಳು.

“ಈಗಲೇನಾ?”

“ಈಗಲೇ. ಕಾಸು ಕೊಟ್ಟು ಹೋಗಿ. ಆದ್ರೆ ಕಾಲರ್ ಶುಕ್ರವಾರ ಸಿಗುತ್ತೆ, ಅದಕ್ಕೆ ಮುಂಚೆ ಬಾಗಿಲು ಬಡೀಬಾರದು.”

ಪೇಂಟರನ ಮುಖ ಅರಳಿತು. “ಶುಕ್ರವಾರವಾ? ಒಂದು ಕಾಲರಿಗೆ ಶುಕ್ರವಾರದವರೆಗೆ ಬೇಕೇನ್ರೀ?” ಎಂದು ದನಿ ಏರಿಸಿದ. ಒಳಗಿನಿಂದ ಡ್ರೈವರ್ ಗಾಬರಿಯಾಗಿ ಕೋಲು ಊರಿಕೊಂಡು ಬಂದು ನೋಡಿದರೆ ಇಬ್ಬರೂ ನಗುತ್ತಿದ್ದರು.

*

ಮಧ್ಯಾಹ್ನ ಎರಡಕ್ಕೆ ಊರ ಹೊರಗಿನ ಸ್ಮಶಾನದಲ್ಲಿ ಎಲ್ಲವೂ ಮುಗಿಯಿತು. ಯಾರೂ ಭಾಷಣ ಮಾಡಲಿಲ್ಲ. ಡ್ರೈವರ್ ಕೊನೆಯವರೆಗೂ ನಿಂತೇ ಇದ್ದ. ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ. “ಹೋಗಿ ಬಾ. ನನ್ನ ಚಿಂತೆ ಬೇಡ, ಎಲ್ಲ ಸರಿ ಮಾಡಿಟ್ಟಿದೀಯ,” ಎಂದ, ಪಕ್ಕದವರಿಗೂ ಕೇಳಿಸದಂತೆ. ಮಗಳಿಗೆ ಮಾತ್ರ ಕೇಳಿಸಿತು.

ವಾಪಸು ನಡೆಯುವಾಗ ತಂಗಿ, ಮಗಳು, ಆಸ್ಪತ್ರೆಯಿಂದ ಬಂದಿದ್ದ ನರ್ಸು ಹಿಂದೆ ಉಳಿದರು.

“ಅಂಗಡಿ ಶುರುವಾದ ಮೇಲೆ ಒಂದು ಸಲ ಬಾಗಿಲು ಹಾಕಿದ್ರಲ್ಲ, ನೆನಪಿದೆಯಾ?” ಎಂದಳು ನರ್ಸು. “ಹದಿನೈದು ದಿನ. ನಾನು ಹೆದರಿಬಿಟ್ಟಿದ್ದೆ.”

“ಮರೆಯೋದುಂಟಾ?” ಎಂದಳು ತಂಗಿ. “ಬಂದವರಿಗೆಲ್ಲ ಹ್ಞೂಂ ಹ್ಞೂಂ ಅಂದು ತಲೆ ಮೇಲೆ ಎಳ್ಕೊಂಡಿದ್ಲು. ಮಷೀನು ಬೆಳಗಿಂದ ಸಂಜೇವರೆಗೂ ಗಡಗಡ ಅಂತಿತ್ತು, ಭಾನುವಾರವೂ. ಒಂದು ಅಂಗಿಗೆ ಎರಡೂ ಕಡೆ ಎಡಗೈ ತೋಳೇ ಹೊಲಿದು ಕೂರಿಸಿದ್ಲಂತೆ. ಅದನ್ನ ನೋಡಿ ಅಳ್ತಾ ಬಾಗಿಲು ಹಾಕ್ಕೊಂಡ್ಲು. ನಾನು ಏನ್ಮಾಡ್ದೆ ಗೊತ್ತಾ? ನಾನು ಹೇಳಿದ್ದೇ ಆಯ್ತಲ್ಲ ಅಂತ ಒಳಗೊಳಗೇ ಖುಷಿಪಟ್ಟೆ. ಸುಳ್ಳು ಯಾಕೆ ಹೇಳ್ಲಿ.”

ಮಗಳು ಚಿಕ್ಕಮ್ಮನ ಕೈ ಹಿಡಿದುಕೊಂಡಳು.

“ಹದಿನಾರನೇ ದಿನ ನನ್ನ ಅಂಗಡಿಗೆ ಬಂದ್ಲು. ನನ್ನನ್ನ ಸ್ಟೂಲ್ ಮೇಲೆ ಕೂರಿಸಿ, ‘ಕೈ ಎತ್ತು’ ಅಂದ್ಲು. ಕಂಕುಳಲ್ಲಿ ಬಿಟ್ಟಿದ್ದ ಆ ಹೊಲಿಗೆ ಇನ್ನೂ ಹಾಗೇ ಇತ್ತು. ಗಿರಾಕಿಗಳು ನೋಡ್ತಿರೋ ಹಾಗೇ ಹೊಲಿದ್ಲು. ‘ನೀನು ಹೇಳಿದ್ದು ಸರಿ, ಆದ್ರೆ ಅರ್ಧ ಸರಿ. ಇನ್ಮೇಲೆ ವಾರಕ್ಕೆ ನಾಲ್ಕೇ ಅಂಗಿ, ಭಾನುವಾರ ರಜ. ಭಾನುವಾರ ನಂಗೆ ಇಷ್ಟ ಬಂದವರಿಗೆ ಇಷ್ಟ ಬಂದದ್ದು ಹೊಲೀತೀನಿ. ಈ ಭಾನುವಾರ ನಿನ್ನ ಸರದಿ’ ಅಂದ್ಲು. ಅವತ್ತು ಭಾನುವಾರ ಅನ್ನೋದೂ ನಂಗೆ ಗೊತ್ತಿರಲಿಲ್ಲ ಕಣೇ. ಅಂಗಡಿ ತೆಗೆದು ಕೂತಿದ್ದೆ.” ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಮುಂದಿನ ವಾರದಿಂದ ನಾನೂ ಭಾನುವಾರ ಬಾಗಿಲು ಹಾಕ್ದೆ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ. ಅದು ಅವಳು ನಂಗೆ ಕೊಟ್ಟಿದ್ದು.”

*

ಸಂಜೆ ಐದರ ಹೊತ್ತಿಗೆ ಕುರ್ಚಿಗಳು ಖಾಲಿಯಾದವು. ಮಗಳು ನೆಲ ಒರೆಸಿ, ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಬಂದಾಗ ಗೇಟಿನ ಬಳಿ ಗಂಡ ಹೆಂಡತಿ ನಿಂತಿದ್ದರು. ಗಂಡನಿಗೆ ನಲವತ್ತೂ ಆಗಿರಲಿಕ್ಕಿಲ್ಲ. ಬಲಗೈ ಜೋತುಬಿದ್ದಿತ್ತು, ಮೇಲೊಂದು ಶಾಲು ಹೊದ್ದು ಅದನ್ನು ಮರೆಮಾಡಿಕೊಂಡಿದ್ದ. ಹೆಂಡತಿಯ ಕೈಯಲ್ಲಿ ವಿಳಾಸದ ಚೀಟಿ.

“ಐದು ಗಂಟೆಗೆ ಬನ್ನಿ ಅಂದಿದ್ರು,” ಎಂದಳು ಆಕೆ. “ಬಸ್ಸು ಸ್ವಲ್ಪ ತಡವಾಯ್ತು. ಅಮ್ಮ ಇದಾರಾ?”

ಮಗಳು ಬಕೆಟ್ಟು ಕೆಳಗಿಟ್ಟಳು. ಹೇಗೋ ಹೇಳಿದಳು. ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ಆಗಲೇ ರಸ್ತೆಯ ಕಡೆ ತಿರುಗಿದ್ದ. “ನಡಿ ಹೋಗೋಣ. ನಾನು ಮೊದಲೇ ಹೇಳಿರಲಿಲ್ವಾ? ಇಂಥ ದಿನ ತೊಂದರೆ ಕೊಡಬಾರದು.”

“ಸೋಮವಾರದಿಂದ ಇವರು ಕೆಲಸಕ್ಕೆ ವಾಪಸ್ ಹೋಗ್ಬೇಕು,” ಎಂದಳು ಆಕೆ ಮಗಳಿಗೆ, ತಪ್ಪೊಪ್ಪಿಕೊಳ್ಳುವವಳಂತೆ. “ಒಬ್ಬರೇ ಹಾಕ್ಕೊಳ್ಳೋಕೆ ಆಗೋ ಅಂಗಿ ಇಲ್ಲ. ನಾನು ಹಾಕಿದ್ರೆ ಇವರಿಗೆ ಕೋಪ.”

“ಯಾರಮ್ಮ ಅದು?” ಒಳಗಿನಿಂದ ಡ್ರೈವರನ ದನಿ.

“ಗಿರಾಕಿಗಳಪ್ಪ. ಅಮ್ಮ ಬರಹೇಳಿದ್ದರಂತೆ. ನಾನು ಹೇಳಿ ಕಳಿಸ್ತೀನಿ.”

ಕೋಲಿನ ಸದ್ದು ಬಾಗಿಲವರೆಗೆ ಬಂತು. ಡ್ರೈವರ್ ಹೊಸಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಶಾಲಿನ ಮೇಲೆ ಅವನ ಕಣ್ಣು ನಿಂತಿತು.

“ಅಷ್ಟು ದೂರದಿಂದ ಬಂದಿದೀರಿ, ಬಾಗಿಲಲ್ಲೇ ನಿಲ್ಲೋದಾ? ಒಳಗೆ ಬನ್ನಿ.” ಹಿಂದೆ ತಿರುಗಿದ. “ಸೋಮವಾರಕ್ಕೆ ಆಗುತ್ತೇನಮ್ಮ?”

ಕೋಣೆಯ ಮೂಲೆಯಲ್ಲಿ ಕೂತಿದ್ದ ತಂಗಿ ಅವನ ಮುಖ ನೋಡಿದಳು. ಭಾವ ಕೇಳಿದ್ದು ಒಂದು ಅಂಗಿಯ ವಿಷಯ ಮಾತ್ರವಲ್ಲ ಎಂದು ಅವಳಿಗೆ ಅನಿಸಿರಬೇಕು. ಎದ್ದು ಮುಖ ತೊಳೆದು ಬಂದಳು.

“ಶನಿವಾರವೇ ಕೊಡ್ತೀನಿ ಭಾವ,” ಎಂದಳು. “ಬನ್ನಿ ಸಾರ್, ಈ ಕಡೆ ಬೆಳಕಿಗೆ. ಶಾಲು ತೆಗೀರಿ.”

ಹೊಸಬ ಕದಲಲಿಲ್ಲ. ಹೆಂಡತಿ ಮುಂದೆ ಬಂದರೆ ಹಿಂದಕ್ಕೆ ಸರಿದ. ತಂಗಿ ಟೇಪು ಹಿಡಿದುಕೊಂಡು ಕಾದಳು. ಆಗ ಡ್ರೈವರ್ ಕೋಲನ್ನು ಗೋಡೆಗೆ ಒರಗಿಸಿ, ಒಂದೊಂದೇ ಹೆಜ್ಜೆ ಇಟ್ಟು ಅವನ ಪಕ್ಕಕ್ಕೆ ಬಂದ. ಶಾಲನ್ನು ಸರಿಸಿ ಕುರ್ಚಿಯ ಬೆನ್ನಿಗೆ ಹಾಕಿದ.

“ಭುಜ ಸಡಿಲ ಬಿಡಿ. ಭಾರ ನಂಗೆ ಬಿಡಿ,” ಎಂದ.

ಹೊಸಬನ ಮೊಣಕೈಯ ಕೆಳಗೆ ತನ್ನ ಎಡಗೈಯನ್ನು ಆನಿಸಿ, ಆ ತೋಳನ್ನು ನಿಧಾನವಾಗಿ ಮೇಲೆತ್ತಿದ. ಹೊಸಬ ಒಮ್ಮೆ ಅವನ ಅಲುಗದ ಬಲಗೈಯನ್ನು ನೋಡಿದ, ಒಮ್ಮೆ ಮುಖ ನೋಡಿದ. ಭುಜ ಸಡಿಲ ಬಿಟ್ಟ. ತಂಗಿ ಬಗ್ಗಿ, ಎತ್ತಿದ ತೋಳಿನ ಕೆಳಗಿಂದ ಟೇಪನ್ನು ತೂರಿಸಿ ಎದೆಯ ಸುತ್ತ ತಂದಳು. ಅಳತೆ ಬರೆದುಕೊಂಡಳು. ಹೆಗಲು, ತೋಳು, ಕುತ್ತಿಗೆ. ಕುತ್ತಿಗೆಯನ್ನು ಎರಡು ಸಲ. ಅಷ್ಟು ಹೊತ್ತೂ ಡ್ರೈವರ್ ಆ ಕೈಯನ್ನು ಕೆಳಗಿಳಿಸದೆ, ಸಂಜೆಯ ಬೆಳಕಿನಲ್ಲಿ ಕಾಲು ಊರಿ ನಿಂತಿದ್ದ.